ದೇವರು ಕೊಟ್ಟ ಹಕ್ಕು, ನಡುವೆ ನಿಂತ ಪೂಜಾರಿ

ಕೋಲಾರದ ನ್ಯಾಯಾಲಯದಲ್ಲಿ ನಾನು ನಡೆಸುತ್ತಿರುವ ಒಂದು ದಾರಿ ತಕರಾರಿನ ದಾವೆಗೆ ಸಾಕ್ಷಿ ಹೇಳಲು ಒಬ್ಬ ತಾತ ಬಂದಿದ್ದರು. ವಯಸ್ಸು ಎಪ್ಪತ್ತೈದು ದಾಟಿದೆ. ಕಟಕಟೆ ಹತ್ತುವ ಮುಂಚೆ ಹೆಗಲ ಮೇಲಿನ ಟವೆಲನ್ನು ತೆಗೆದು ಕಂಕುಳಲ್ಲಿ ಅವುಚಿಕೊಂಡರು. ಹಾಗೆ ಮಾಡಿ ಎಂದು ಯಾರೂ ಹೇಳಿರಲಿಲ್ಲ. ದೊಡ್ಡವರ ಎದುರು ನಿಲ್ಲುವಾಗ ಅವರ ಅಪ್ಪ ಮಾಡುತ್ತಿದ್ದುದನ್ನು ಅವರ ಕೈ ಕಲಿತುಬಿಟ್ಟಿತ್ತು. ಬೆಂಚ್ ಕ್ಲರ್ಕ್ ದಿನವೂ ಹೇಳಿಸುವ ಸಾಲನ್ನೇ ಹೇಳಿಸಲು ಹೊರಟರು: ‘ದೇವರ ಮೇಲೆ ಪ್ರಮಾಣ ಮಾಡಿ ಸತ್ಯವನ್ನೇ ಹೇಳುತ್ತೇನೆ.’ ತಾತ ಬಾಯಿ ತೆರೆಯಲಿಲ್ಲ. ಎರಡನೆಯ ಸಲ ಕೇಳಿದಾಗ ನ್ಯಾಯಾಧೀಶರ ಕಡೆ ತಿರುಗಿ, ತೆಲುಗು ಬೆರೆತ ನಮ್ಮ ಗಡಿ ಸೀಮೆಯ ಕನ್ನಡದಲ್ಲಿ ಹೇಳಿದರು. ಅವರ ಮಾತಿನ ಸಾರ ಇಷ್ಟು: ‘ಅಮ್ಮಾ, ದೇವರ ಮೇಲೆ ಬೇಡ. ನಮ್ಮೂರ ಗುಡಿಯೊಳಕ್ಕೆ ನನ್ನನ್ನು ಯಾವತ್ತೂ ಬಿಟ್ಟಿಲ್ಲ. ಮುಖ ನೋಡದ ದೇವರ ಮೇಲೆ ಹೇಗೆ ಆಣೆ ಇಡಲಿ?’

ನ್ಯಾಯಾಧೀಶರು ಒಂದು ಕ್ಷಣ ಸುಮ್ಮನಿದ್ದು, ‘ದೇವರ ಹೆಸರು ಬಿಟ್ಟು ಸತ್ಯನಿಷ್ಠೆಯಿಂದ ಹೇಳುತ್ತೇನೆ ಅನ್ನಿ, ಸಾಕು. ಟವೆಲನ್ನು ಹೆಗಲ ಮೇಲೆ ಹಾಕಿಕೊಳ್ಳಿ’ ಎಂದರು. 1969ರ ಪ್ರಮಾಣಗಳ ಕಾಯ್ದೆ ಎರಡಕ್ಕೂ ಅವಕಾಶ ಕೊಟ್ಟಿದೆ. ದೇವರ ಹೆಸರಿನಲ್ಲಿ ಆಣೆ ಇಡಬಹುದು, ಇಡದೆ ದೃಢೀಕರಿಸಲೂಬಹುದು. ಅಷ್ಟೇ ಅಲ್ಲ, ಪ್ರಮಾಣ ಮಾಡಿಸುವುದು ತಪ್ಪಿಹೋದರೂ ಸಾಕ್ಷ್ಯ ಅಸಿಂಧುವಾಗುವುದಿಲ್ಲ, ಸಾಕ್ಷಿ ಹೇಳುವ ಪ್ರತಿಯೊಬ್ಬರೂ ಸತ್ಯ ಹೇಳಲು ಬದ್ಧರು ಎಂದು ಅದೇ ಕಾಯ್ದೆ ಹೇಳುತ್ತದೆ. (ಸಿನಿಮಾದಲ್ಲಿ ಕಾಣುವ ಭಗವದ್ಗೀತೆಯ ಪುಸ್ತಕ ನಮ್ಮ ಯಾವ ಕೋರ್ಟಿನಲ್ಲೂ ಇರುವುದಿಲ್ಲ.)

ಆ ಸಂಜೆಯಿಂದ ಒಂದು ಹಳೆಯ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಮನುಷ್ಯರಿಗೆ ಹುಟ್ಟಿನಿಂದಲೇ ಹಕ್ಕುಗಳಿವೆ, ಯಾವ ಸರ್ಕಾರವೂ ಅವನ್ನು ಕೊಟ್ಟಿಲ್ಲ, ಆದ್ದರಿಂದ ಕಿತ್ತುಕೊಳ್ಳಲೂ ಆಗದು ಎನ್ನುತ್ತೇವೆ. ಸರ್ಕಾರ ಕೊಟ್ಟಿಲ್ಲವಾದರೆ ಕೊಟ್ಟವರು ಯಾರು? ‘ದೇವರು’ ಎಂಬುದು ಬಹುಕಾಲದ ಉತ್ತರ. ತಾತನ ಹಕ್ಕು ಗುಡಿಯ ಬಾಗಿಲಲ್ಲೇ ಕಳೆದುಹೋಗಿದ್ದನ್ನು ನೋಡಿದವರಿಗೆ ಆ ಉತ್ತರವನ್ನು ಹಾಗೇ ಒಪ್ಪಿಕೊಳ್ಳುವುದು ಕಷ್ಟ. ಹಾಗೆಂದು ಅದನ್ನು ತಳ್ಳಿಹಾಕುವುದೂ ನಾನು ಮೊದಲು ಅಂದುಕೊಂಡಷ್ಟು ಸುಲಭವಲ್ಲ.

ಈ ಚರ್ಚೆ ನಡೆದಿರುವುದು ‘ನೈಸರ್ಗಿಕ ಕಾನೂನು’ ಎಂಬ ಚಿಂತನೆಯ ಒಳಗೆ. ಹೆಸರು ಕೇಳಿ ದಾರಿ ತಪ್ಪುವವರಿದ್ದಾರೆ. ಮಳೆ ಮೇಲಿಂದ ಕೆಳಕ್ಕೆ ಬೀಳುತ್ತದೆ ಎಂಬಂಥ ವಿಜ್ಞಾನದ ನಿಯಮ ಇದಲ್ಲ. ನೋಟಿಸು ಕೊಡದೆ ಶಿಕ್ಷಿಸಬಾರದು ಎಂದು ವಕೀಲರು ವಾದಿಸುವ ಸಹಜ ನ್ಯಾಯದ ತತ್ವವೂ ಇದಲ್ಲ, ಅದು ಇದರ ದೂರದ ಸಂತತಿ. ನೈಸರ್ಗಿಕ ಕಾನೂನು ಎಂದರೆ, ರಾಜ ಅಥವಾ ಶಾಸನಸಭೆ ಮಾಡಿದ ಕಾನೂನಿಗಿಂತ ಮೇಲೆ ಇನ್ನೊಂದು ಅಳತೆಗೋಲಿದೆ, ಮನುಷ್ಯ ತನ್ನ ಸ್ವಭಾವವನ್ನೂ ಬುದ್ಧಿಯನ್ನೂ ನೆಟ್ಟಗೆ ಬಳಸಿದರೆ ಅದು ಕಾಣುತ್ತದೆ, ಅದಕ್ಕೆ ವಿರುದ್ಧವಾದ ಕಾನೂನು ಹೆಸರಿಗಷ್ಟೇ ಕಾನೂನು ಎಂಬ ನಿಲುವು. ಕ್ರಿಸ್ತಪೂರ್ವ ಮೊದಲನೆಯ ಶತಮಾನದಲ್ಲಿ ರೋಮಿನ ಸಿಸೆರೊ ಇದನ್ನು ಬಹಳ ಸ್ಪಷ್ಟವಾಗಿ ಹೇಳಿದ: ನಿಜವಾದ ಕಾನೂನು ಎಂದರೆ ನಿಸರ್ಗಕ್ಕೆ ಹೊಂದುವ ಸರಿಯಾದ ವಿವೇಕ, ಅದು ರೋಮಿನಲ್ಲಿ ಒಂದು ಅಥೆನ್ಸಿನಲ್ಲಿ ಇನ್ನೊಂದು ಆಗಲಾರದು, ಅದರ ಕರ್ತೃ ದೇವರು. ವಿವೇಕ, ನಿಸರ್ಗ, ದೇವರು ಎಂಬ ಮೂರು ಎಳೆಗಳು ಅಲ್ಲೇ ಹೆಣೆದುಕೊಂಡವು. ಮುಂದಿನ ಎರಡು ಸಾವಿರ ವರ್ಷಗಳ ಜಗಳವೆಲ್ಲ ಈ ಎಳೆಗಳನ್ನು ಬಿಡಿಸುವುದರಲ್ಲೇ ಕಳೆದಿದೆ ಎನ್ನಬಹುದು.

ಬಿಡಿಸಲು ಒಂದು ಉಪಾಯವಿದೆ. ಹಕ್ಕುಗಳಲ್ಲಿ ದೇವರ ಸ್ಥಾನ ಯಾವುದು ಎಂದು ಕೇಳುವಾಗ ನಾವು ಮೂರು ಪ್ರಶ್ನೆಗಳನ್ನು ಒಂದೇ ಉಸಿರಿನಲ್ಲಿ ಕೇಳುತ್ತಿರುತ್ತೇವೆ. ಒಂದು ಮನೆಯನ್ನು ನೆನೆಸಿಕೊಳ್ಳಿ. ಹಕ್ಕು ಯಾವುದರ ಮೇಲೆ ನಿಂತಿದೆ ಎಂಬುದು ತಳಪಾಯದ ಪ್ರಶ್ನೆ. ಹಕ್ಕು ಇದೆ ಎಂಬುದು ನಮಗೆ ಯಾವ ದಾರಿಯಿಂದ ತಿಳಿಯಿತು ಎಂಬುದು ಬಾಗಿಲಿನ ಪ್ರಶ್ನೆ. ಮುರಿದವನಿಗೆ ಏನಾಗುತ್ತದೆ, ಯಾರ ಅಂಜಿಕೆಯಿಂದ ಜನ ಅದನ್ನು ಪಾಲಿಸುತ್ತಾರೆ ಎಂಬುದು ಕಾವಲಿನ ಪ್ರಶ್ನೆ. ದೇವರನ್ನು ತಳಪಾಯದಲ್ಲಿ ಇಟ್ಟವರೆಲ್ಲ ಬಾಗಿಲಲ್ಲೂ ಇಟ್ಟಿಲ್ಲ. ಕಾವಲಿಗೆ ದೇವರು ಬೇಕು ಎಂದವರು ತಳಪಾಯಕ್ಕೆ ಬೇಡ ಎಂದದ್ದೂ ಉಂಟು.

ಹದಿಮೂರನೆಯ ಶತಮಾನದ ಥಾಮಸ್ ಅಕ್ವಿನಾಸ್ (1225–1274) ಈ ವ್ಯತ್ಯಾಸವನ್ನು ಅರಿತಿದ್ದ. ಅವನು ಕ್ರೈಸ್ತ ಸಂನ್ಯಾಸಿ, ದೇವರಿಲ್ಲದ ಜಗತ್ತನ್ನು ಊಹಿಸಿಕೊಳ್ಳಲೂ ಆಗದವನು. ಅವನ ಲೆಕ್ಕದಲ್ಲಿ ಎಲ್ಲಕ್ಕೂ ಮೇಲೆ ಇರುವುದು ಶಾಶ್ವತ ಕಾನೂನು, ಅಂದರೆ ಇಡೀ ಸೃಷ್ಟಿಯನ್ನು ನಡೆಸುವ ದೇವರ ವಿವೇಕ. ಕಲ್ಲು, ಮರ, ಹಸು ಅದಕ್ಕೆ ಅರಿವಿಲ್ಲದೆ ಒಳಪಟ್ಟಿವೆ. ಮನುಷ್ಯ ಮಾತ್ರ ಬುದ್ಧಿಯಿಂದ ಅದರಲ್ಲಿ ಪಾಲು ಪಡೆಯುತ್ತಾನೆ. ಆ ಪಾಲಿಗೇ ನೈಸರ್ಗಿಕ ಕಾನೂನು ಎಂದು ಹೆಸರು. ಒಳ್ಳೆಯದನ್ನು ಮಾಡಬೇಕು, ಕೆಟ್ಟದ್ದನ್ನು ಬಿಡಬೇಕು ಎಂಬುದು ಅದರ ಮೊದಲ ಸೂತ್ರ. ಜೀವ ಉಳಿಸಿಕೊಳ್ಳುವುದು, ಮಕ್ಕಳನ್ನು ಸಾಕುವುದು, ಸತ್ಯವನ್ನು ತಿಳಿಯುವುದು, ಜೊತೆಯವರೊಂದಿಗೆ ಬಾಳುವುದು ಇವು ಒಳ್ಳೆಯವು ಎಂದು ನಮ್ಮ ಸ್ವಭಾವವೇ ಹೇಳಿಕೊಡುತ್ತದೆ.

ಇಲ್ಲಿ ತಳಪಾಯ ಪೂರ್ತಿ ದೇವರದು, ಬಾಗಿಲು ಮಾತ್ರ ಬುದ್ಧಿಯದು. ಬೈಬಲ್ ಓದದವನಿಗೂ, ಚರ್ಚಿನ ಮೆಟ್ಟಿಲು ತುಳಿಯದವನಿಗೂ ಕೊಲೆ ತಪ್ಪೆಂದು ಗೊತ್ತಾಗುತ್ತದೆ. ನ್ಯಾಯಕ್ಕೆ ವಿರುದ್ಧವಾದ ಕಾನೂನು ಕಾನೂನಿಗಿಂತ ಹೆಚ್ಚಾಗಿ ಹಿಂಸೆ ಎಂದು ಅಕ್ವಿನಾಸ್ ಬರೆದ. ನಾನು ಕಾನೂನು ಓದುವಾಗ ಆ ಸಾಲು ನನ್ನನ್ನು ಹಿಡಿದು ನಿಲ್ಲಿಸಿತ್ತು. ಆದರೆ ಅವನ ಇನ್ನೊಂದು ಮಾತನ್ನು ಮರೆಯುವಂತಿಲ್ಲ: ಮತ್ತೆ ಮತ್ತೆ ಧರ್ಮದ್ರೋಹದ ಮಾತಾಡುವವರನ್ನು ಚರ್ಚು ಹೊರಹಾಕಿ, ಲೋಕದ ಅಧಿಕಾರಿಗಳ ಕೈಗೆ ಮರಣದಂಡನೆಗೆ ಒಪ್ಪಿಸಬಹುದು ಎಂದೂ ಅವನೇ ಬರೆದಿದ್ದಾನೆ. ಬಾಗಿಲು ಎಲ್ಲರಿಗೂ ತೆರೆದಿದೆ ಎಂದವನು ಬಾಗಿಲ ಪಕ್ಕದಲ್ಲಿ ಒಬ್ಬ ಕಾವಲುಗಾರನನ್ನು ನಿಲ್ಲಿಸಿಯೇ ಹೋದ. ‘ದೇವರು ವರ ಕೊಟ್ಟರೂ ಪೂಜಾರಿ ಕೊಡ’ ಎಂಬ ನಮ್ಮ ಗಾದೆ ಅವನ ಕಿವಿಗೆ ಬಿದ್ದಿರಲಿಲ್ಲ. ನೈಸರ್ಗಿಕ ಕಾನೂನಿನ ಇಡೀ ಚರಿತ್ರೆಯನ್ನು ಈ ಒಂದು ಗಾದೆಯ ಬೆಳಕಿನಲ್ಲಿ ಓದಬಹುದು ಎಂದು ನನಗೆ ಅನ್ನಿಸುತ್ತದೆ.

ಅಕ್ವಿನಾಸ್‌ನ ನಂತರದ ಶತಮಾನದಲ್ಲಿ ಇಂಗ್ಲೆಂಡಿನ ವಿಲಿಯಂ ಆಕ್ಯಾಮ್ ಬೇರೆ ದಿಕ್ಕಿಗೆ ಎಳೆದ. ದೇವರು ಆಜ್ಞಾಪಿಸಿದ್ದರಿಂದಲೇ ಒಳ್ಳೆಯದು ಒಳ್ಳೆಯದಾಗಿದೆ, ಅವನು ಬೇರೆ ಆಜ್ಞೆ ಕೊಟ್ಟಿದ್ದರೆ ಅದೇ ಸರಿಯಾಗುತ್ತಿತ್ತು ಎಂಬ ಕಡೆಗೆ ಅವನ ವಾದ ವಾಲುತ್ತದೆ. ದೇವರ ಸ್ವಾತಂತ್ರ್ಯಕ್ಕೆ ಎಲ್ಲೂ ಬೇಲಿ ಇರಬಾರದು ಎಂಬ ಭಕ್ತಿಯಿಂದ ಬಂದ ಮಾತು ಅದು. ಆದರೆ ಹಕ್ಕಿನ ಪಾಲಿಗೆ ಅದು ಮರಳಿನ ಮೇಲಿನ ಗೋಡೆ. ಆಜ್ಞೆಯೇ ಎಲ್ಲವಾದರೆ, ‘ದೇವರ ಆಜ್ಞೆ ಇದು’ ಎಂದು ಹೇಳುವ ಬಾಯಿಯೇ ಎಲ್ಲವಾಗುತ್ತದೆ. ದೇವತೆಗಳು ಒಪ್ಪಿದ್ದರಿಂದ ಒಂದು ಕೆಲಸ ಪವಿತ್ರವಾಯಿತೋ, ಪವಿತ್ರವಾದ್ದರಿಂದ ದೇವತೆಗಳು ಒಪ್ಪಿದರೋ ಎಂದು ಸಾಕ್ರೆಟಿಸ್ ಅಥೆನ್ಸಿನಲ್ಲಿ ಕೇಳಿದ್ದು ಇದನ್ನೇ. ಮೊದಲನೆಯದನ್ನು ಆರಿಸಿಕೊಂಡರೆ ನೀತಿ ಬರೀ ಅಪ್ಪಣೆಯಾಗುತ್ತದೆ. ಎರಡನೆಯದನ್ನು ಆರಿಸಿಕೊಂಡರೆ ನೀತಿಗೆ ದೇವರ ಅಗತ್ಯ ಎಷ್ಟು ಎಂಬ ಪ್ರಶ್ನೆ ಏಳುತ್ತದೆ. ಅಕ್ವಿನಾಸ್‌ನ ಪಂಥದವರು ನಡುವಿನ ದಾರಿ ಹಿಡಿದರು: ಒಳ್ಳೆಯತನ ದೇವರ ಸ್ವಭಾವವೇ ಆಗಿದೆ, ಅದು ಅವನ ಇಚ್ಛೆಗೆ ತಕ್ಕಂತೆ ಬದಲಾಗುವ ವಸ್ತುವಲ್ಲ ಎಂದರು.

ಬುದ್ಧಿಯ ಬಾಗಿಲೂ ಸುರಕ್ಷಿತವಲ್ಲ. 1550–51ರಲ್ಲಿ ಸ್ಪೇನಿನ ವಯ್ಯಾದೊಲಿದ್ ನಗರದಲ್ಲಿ, ಅಮೆರಿಕದ ಮೂಲನಿವಾಸಿಗಳನ್ನು ಬಲದಿಂದ ಗೆದ್ದು ಆಳುವುದು ಸರಿಯೇ ಎಂದು ದೊಡ್ಡ ವಾದ ನಡೆಯಿತು. ಕೆಲವರು ಹುಟ್ಟಿನಿಂದಲೇ ಗುಲಾಮರು ಎಂಬ ಅರಿಸ್ಟಾಟಲನ ಮಾತನ್ನು ಹಿಡಿದು ವಿದ್ವಾಂಸ ಸೆಪೂಲ್ವೆದಾ ಸರಿ ಎಂದ. ಬಿಷಪ್ ಲಾಸ್ ಕಾಸಾಸ್ ಅಲ್ಲ ಎಂದು ವಾದಿಸಿದ. ಇಬ್ಬರೂ ಒಂದೇ ದೇವರನ್ನು, ಒಂದೇ ನೈಸರ್ಗಿಕ ಕಾನೂನನ್ನು ನಂಬಿದವರು. ‘ಹುಟ್ಟಿನಿಂದಲೇ’ ಎಂಬ ಪದದಲ್ಲಿ ಎಂಥ ವಿಷವಿರಬಹುದು ಎಂದು ನಮ್ಮ ನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಈಗ ಹ್ಯೂಗೊ ಗ್ರೋಷಿಯಸ್. ಡಚ್ ವಕೀಲನಾದ ಈತನಿಗೆ ಧರ್ಮ ಮತ್ತು ರಾಜಕೀಯ ಬೆರೆತ ಜಗಳದಲ್ಲಿ ಆಜೀವ ಸೆರೆವಾಸ ಆಯಿತು. 1621ರಲ್ಲಿ ಪುಸ್ತಕ ಸಾಗಿಸುವ ಪೆಟ್ಟಿಗೆಯೊಳಗೆ ಮುದುಡಿ ಕುಳಿತು ಕೋಟೆಯಿಂದ ತಪ್ಪಿಸಿಕೊಂಡ. ಪ್ಯಾರಿಸಿನಲ್ಲಿ ದೇಶಭ್ರಷ್ಟನಾಗಿದ್ದಾಗ, 1625ರಲ್ಲಿ, ಯುದ್ಧ ಮತ್ತು ಶಾಂತಿಯ ಕಾನೂನಿನ ಬಗ್ಗೆ ಅವನ ಮಹಾಗ್ರಂಥ ಹೊರಬಂತು. ಯೂರೋಪಿನಲ್ಲಿ ಕ್ಯಾಥೊಲಿಕರೂ ಪ್ರಾಟೆಸ್ಟೆಂಟರೂ ದೇವರ ಹೆಸರಿನಲ್ಲೇ ಒಬ್ಬರನ್ನೊಬ್ಬರು ಕೊಲ್ಲುತ್ತಿದ್ದ ಕಾಲ ಅದು. ದೇವರ ಅರ್ಥದ ಬಗ್ಗೆಯೇ ಹೊಡೆದಾಡುವವರ ನಡುವೆ ಯಾವ ಕಾನೂನು ನಿಲ್ಲುತ್ತದೆ? ಗ್ರೋಷಿಯಸ್ ಮುನ್ನುಡಿಯಲ್ಲಿ ಬಹಳ ಎಚ್ಚರದಿಂದ ಒಂದು ವಾಕ್ಯ ಬರೆದ. ಅದರ ತಾತ್ಪರ್ಯ ಹೀಗೆ: ದೇವರಿಲ್ಲ ಎಂದು ಒಪ್ಪಿಕೊಳ್ಳುವುದು ಮಹಾಪಾಪ, ಆದರೂ ಒಂದು ವೇಳೆ ಒಪ್ಪಿಕೊಂಡೆವು ಎನ್ನಿ, ಆಗಲೂ ನಾವು ಇಷ್ಟು ಹೊತ್ತು ಹೇಳಿದ್ದಕ್ಕೆ ಒಂದಿಷ್ಟು ಬಲ ಉಳಿದೇ ಇರುತ್ತದೆ. ಎರಡೂ ಎರಡೂ ಸೇರಿದರೆ ನಾಲ್ಕಾಗದಂತೆ ಮಾಡಲು ದೇವರಿಗೂ ಆಗದು, ಸ್ವಭಾವತಃ ಕೆಟ್ಟದ್ದನ್ನು ಒಳ್ಳೆಯದು ಮಾಡಲೂ ಹಾಗೆಯೇ ಆಗದು ಎಂದೂ ಅವನು ಹೇಳಿದ.

ಇದನ್ನು ಓದಿ ಗ್ರೋಷಿಯಸ್ ನಾಸ್ತಿಕ ಎಂದುಕೊಳ್ಳುವವರಿದ್ದಾರೆ. ಅದು ತಪ್ಪು. ಅವನು ಕೊನೆಯವರೆಗೂ ಭಕ್ತ. ಇಂಥ ಊಹೆ ಮಾಡಿದವರಲ್ಲಿ ಮೊದಲಿಗನೂ ಅಲ್ಲ, ಹದಿನಾಲ್ಕನೆಯ ಶತಮಾನದ ದೇವಶಾಸ್ತ್ರಜ್ಞರಲ್ಲೇ ಇದು ಇತ್ತು. ಅವನು ದೇವರನ್ನು ಹೊರಗೆ ಕಳಿಸಲಿಲ್ಲ, ದೇವರ ಬಗ್ಗೆ ಒಮ್ಮತವಿಲ್ಲದವರೂ ಒಂದೇ ಪಂಚಾಯಿತಿಕಟ್ಟೆಯಲ್ಲಿ ಕೂರಬಹುದು ಎಂದು ತೋರಿಸಿದ.

ನಮ್ಮ ತಾತನ ಪಾಟಿ ಸವಾಲು ನಡೆಯುವಾಗ ಎದುರು ಪಕ್ಷದ ವಕೀಲರು ಕೇಳಿದರು: ‘ದೇವರ ಮೇಲೆ ಆಣೆ ಇಡದ ನಿಮ್ಮ ಮಾತನ್ನು ನ್ಯಾಯಾಲಯ ಹೇಗೆ ನಂಬಬೇಕು?’ ನಾನು ಆಕ್ಷೇಪಣೆ ಎತ್ತಿದೆ, ನ್ಯಾಯಾಧೀಶರು ಪ್ರಶ್ನೆಯನ್ನು ತಳ್ಳಿಹಾಕಿದರು. ಅಷ್ಟರಲ್ಲಿ ತಾತ ಉತ್ತರ ಕೊಟ್ಟಾಗಿತ್ತು. ‘ದಾರಿ ಇತ್ತು ಸ್ವಾಮಿ. ನಾನು ಅದರಲ್ಲಿ ಬಂಡಿ ಹೊಡೆದಿದ್ದೇನೆ. ದೇವರು ಇದ್ದರೂ ಇತ್ತು, ಇಲ್ಲದಿದ್ದರೂ ಇತ್ತು.’ ಗ್ರೋಷಿಯಸ್‌ನ ಲ್ಯಾಟಿನ್ ವಾಕ್ಯದ ಮೇಲೆ ಹಲವು ವ್ಯಾಖ್ಯಾನಗಳನ್ನು ಓದಿದ್ದೇನೆ. ಅದು ನನಗೆ ನಿಜವಾಗಿ ಅರ್ಥವಾದದ್ದು ಆ ಮಧ್ಯಾಹ್ನ.

ಗ್ರೋಷಿಯಸ್‌ಗೆ ಬಂದ ಗಟ್ಟಿಯಾದ ಎದುರುವಾದ ಜರ್ಮನಿಯ ಪುಫೆಂಡಾರ್ಫ್‌ನದು. ಒಂದು ಕೆಲಸ ಒಳ್ಳೆಯದು ಎಂದು ತಿಳಿಯುವುದೇ ಬೇರೆ, ಅದನ್ನು ಮಾಡಲೇಬೇಕು ಎಂಬ ಕಟ್ಟುಪಾಡೇ ಬೇರೆ ಎಂದ ಅವನು. ಊಟಕ್ಕೆ ಮುಂಚೆ ಕೈ ತೊಳೆಯುವುದು ಒಳ್ಳೆಯದು, ಆದರೆ ಅದು ಕಾನೂನಲ್ಲ. ಕಾನೂನು ಎನ್ನಬೇಕಾದರೆ ಮೇಲೊಬ್ಬ ಒಡೆಯ ಬೇಕು, ಎಲ್ಲ ಮನುಷ್ಯರಿಗೂ ಒಡೆಯನಾಗಬಲ್ಲವನು ದೇವರು ಮಾತ್ರ. ಈ ವಾದವನ್ನು ಹಗುರವಾಗಿ ನೋಡಬಾರದು. ‘ನಿನಗೆ ಇದು ಹಿತ’ ಎಂಬ ಮಾತಿಗೂ ‘ಇದನ್ನು ನೀನು ಮುರಿಯುವಂತಿಲ್ಲ’ ಎಂಬ ಮಾತಿಗೂ ನಡುವೆ ಇರುವ ಕಂದಕವನ್ನು ದೇವರಿಲ್ಲದೆ ದಾಟುವುದು ಹೇಗೆ ಎಂಬ ಪ್ರಶ್ನೆಗೆ ಇವತ್ತಿಗೂ ಎಲ್ಲರೂ ಒಪ್ಪುವ ಉತ್ತರ ಸಿಕ್ಕಿಲ್ಲ.

ಹದಿನೇಳನೆಯ ಶತಮಾನದ ಇಂಗ್ಲಿಷ್ ತತ್ವಜ್ಞಾನಿ ಜಾನ್ ಲಾಕ್ ದೇವರಿಗೆ ಮೂರೂ ಕಡೆ ಜಾಗ ಕೊಟ್ಟ. ಅವನ ವಾದ ನಮ್ಮ ಕುಂಬಾರನ ಮನೆಯಲ್ಲೂ ಅರ್ಥವಾಗುತ್ತದೆ. ಗಡಿಗೆ ಮಾಡಿದವನು ಗಡಿಗೆಯ ಒಡೆಯ. ನಾವೆಲ್ಲರೂ ಒಬ್ಬನೇ ಸೃಷ್ಟಿಕರ್ತನ ಕೈಕೆಲಸ, ಅವನ ಸ್ವತ್ತು. ಹಾಗಾಗಿ ಇನ್ನೊಬ್ಬರ ಜೀವ, ಸ್ವಾತಂತ್ರ್ಯ, ಆಸ್ತಿಯನ್ನು ಕೆಡಿಸುವ ಅಧಿಕಾರ ಯಾರಿಗೂ ಇಲ್ಲ. ನಾನು ನನ್ನನ್ನೇ ಗುಲಾಮನಾಗಿ ಮಾರಿಕೊಳ್ಳಲೂ ಬರುವುದಿಲ್ಲ, ನನ್ನ ಜೀವ ನನ್ನ ಸ್ವತ್ತೇ ಅಲ್ಲವಲ್ಲ. ‘ಪರಭಾರೆ ಮಾಡಲಾಗದ ಹಕ್ಕು’ ಎಂಬ ಕಲ್ಪನೆಗೆ ಇಷ್ಟು ಸರಳವಾದ ಸಮರ್ಥನೆ ಇನ್ನೊಂದಿಲ್ಲ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು ಪಿ.ಟಿ.ಸಿ.ಎಲ್. ಕಾಯ್ದೆಯ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಮಾರುವಂತಿಲ್ಲ ಎಂದು ಕಕ್ಷಿದಾರರಿಗೆ ವಿವರಿಸಿದವರಿಗೆ ಇದು ಥಟ್ಟನೆ ಹೊಳೆಯುತ್ತದೆ: ಕೊಟ್ಟವರ ಷರತ್ತು ಪಡೆದವರ ಕೈ ಕಟ್ಟುತ್ತದೆ, ಆ ಕಟ್ಟೇ ಪಡೆದವರನ್ನು ಕಾಯುತ್ತದೆ.

ಆದರೆ ಇದೇ ಲಾಕ್, ಧಾರ್ಮಿಕ ಸಹಿಷ್ಣುತೆಯ ಬಗ್ಗೆ ಬರೆದ ಪತ್ರದಲ್ಲಿ, ದೇವರನ್ನು ಅಲ್ಲಗಳೆಯುವವರನ್ನು ಸಹಿಸಿಕೊಳ್ಳಬಾರದು ಎಂದ. ಕಾರಣ? ಮಾತು, ಕರಾರು, ಆಣೆ ಇವು ಸಮಾಜವನ್ನು ಹಿಡಿದಿಟ್ಟ ಕಟ್ಟುಗಳು, ನಾಸ್ತಿಕನ ಮೇಲೆ ಅವಕ್ಕೆ ಹಿಡಿತವಿಲ್ಲ. ಲಾಕ್‌ನ ನ್ಯಾಯಾಲಯದಲ್ಲಿ ನಮ್ಮ ತಾತನ ಸಾಕ್ಷ್ಯಕ್ಕೆ ಬೆಲೆ ಇರುತ್ತಿರಲಿಲ್ಲ. ದೇವರನ್ನು ಕಾವಲಿಗೆ ನಿಲ್ಲಿಸಿದರೆ ಆಗುವುದು ಹೀಗೆ: ಎಲ್ಲರನ್ನೂ ಕಾಯಬೇಕಾದವನ ಹೆಸರಿನಲ್ಲಿ ಕೆಲವರನ್ನು ಗೇಟಿನ ಹೊರಗೆ ನಿಲ್ಲಿಸಲಾಗುತ್ತದೆ. 1776ರ ಅಮೆರಿಕದ ಸ್ವಾತಂತ್ರ್ಯ ಘೋಷಣೆ ಲಾಕ್‌ನ ದಾರಿಯಲ್ಲೇ ನಡೆದು, ಸೃಷ್ಟಿಕರ್ತ ಮನುಷ್ಯರಿಗೆಲ್ಲ ಕಳಚಲಾಗದ ಹಕ್ಕುಗಳನ್ನು ಕೊಟ್ಟಿದ್ದಾನೆ ಎಂದಿತು. ಅದರ ಕರಡು ಬರೆದ ಜೆಫರ್ಸನ್‌ನ ತೋಟದಲ್ಲಿ ದುಡಿಯುತ್ತಿದ್ದವರು ಗುಲಾಮರು.

ನಮ್ಮ ಕಡೆ ಈ ಪ್ರಶ್ನೆ ಬೇರೆ ರೂಪದಲ್ಲಿ ಇತ್ತು. ಬೃಹದಾರಣ್ಯಕ ಉಪನಿಷತ್ತು ಧರ್ಮವನ್ನು ಅಧಿಕಾರಕ್ಕೂ ಮೇಲಿನ ಅಧಿಕಾರ ಎನ್ನುತ್ತದೆ. ದುರ್ಬಲನೂ ಬಲಿಷ್ಠನನ್ನು, ರಾಜನ ಬಲದಿಂದ ಎಂಬಂತೆ, ಧರ್ಮದ ಬಲದಿಂದ ಎದುರಿಸುತ್ತಾನೆ ಎನ್ನುತ್ತದೆ. ನೈಸರ್ಗಿಕ ಕಾನೂನಿನ ತಿರುಳು ಇದೇ. ಆದರೆ ಆ ಮಾತಿನ ಹಿಂದಿನ ಸಾಲುಗಳಲ್ಲೇ ನಾಲ್ಕು ವರ್ಣಗಳ ಸೃಷ್ಟಿಯ ಕಥೆಯಿದೆ. ಇನ್ನೊಂದು ಕಡೆ, ವೇದವಾಕ್ಯಗಳ ಅರ್ಥವನ್ನು ವಿಚಾರಿಸುವ ಮೀಮಾಂಸಕರು ಧರ್ಮಕ್ಕೆ ಸೃಷ್ಟಿಕರ್ತನೇ ಬೇಕಿಲ್ಲ, ವೇದವನ್ನು ದೇವರೂ ಬರೆದಿಲ್ಲ ಎಂದರು. ಜೈನರು, ಬೌದ್ಧರು ಸೃಷ್ಟಿಕರ್ತನನ್ನು ಒಪ್ಪದೆಯೇ ಎಲ್ಲ ಜೀವಿಗಳ ಬಗೆಗಿನ ಕಟ್ಟುನಿಟ್ಟಾದ ನೀತಿಯನ್ನು ಶತಮಾನಗಳ ಕಾಲ ಬಾಳಿ ತೋರಿಸಿದರು. ದೇವರಿಲ್ಲದೆ ನೀತಿ ನಿಲ್ಲದು ಎಂಬ ಲಾಕ್‌ನ ಭಯಕ್ಕೆ ಇವರೇ ಉತ್ತರ. ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವ ಎಂಬ ಮೂರನ್ನು ತಾನು ಫ್ರೆಂಚ್ ಕ್ರಾಂತಿಯಿಂದ ಎರವಲು ತಂದಿಲ್ಲ, ಗುರು ಬುದ್ಧನ ಬೋಧನೆಯಿಂದ ಪಡೆದೆ ಎಂದು ಅಂಬೇಡ್ಕರ್ 1954ರ ಆಕಾಶವಾಣಿ ಭಾಷಣದಲ್ಲಿ ಹೇಳಿದ್ದನ್ನು ಇಲ್ಲಿ ಇಟ್ಟು ನೋಡಬೇಕು. ಅವರಿಗೆ ಧರ್ಮದ ತಳಪಾಯ ಬೇಕಿತ್ತು, ಆದರೆ ದೇವರನ್ನು ಆ ತಳಪಾಯಕ್ಕೆ ಹಾಕಲು ಅವರು ಸಿದ್ಧರಿರಲಿಲ್ಲ.

1948ರ ಶರತ್ಕಾಲದಲ್ಲಿ ಪ್ಯಾರಿಸಿನಲ್ಲಿ ವಿಶ್ವಸಂಸ್ಥೆಯ ಸಮಿತಿ ಮಾನವ ಹಕ್ಕುಗಳ ಘೋಷಣೆಯ ಕರಡನ್ನು ಪದ ಪದವಾಗಿ ಚರ್ಚಿಸಿತು. ಮನುಷ್ಯ ದೇವರ ಪ್ರತಿರೂಪವಾಗಿ ಸೃಷ್ಟಿಯಾದವನು ಎಂದು ಮೊದಲನೆಯ ವಿಧಿಯಲ್ಲಿ ಸೇರಿಸಬೇಕು ಎಂದು ಬ್ರೆಜಿಲ್ ಕೇಳಿತು. ಚೀನಾದ ಪ್ರತಿನಿಧಿ ಪಿ.ಸಿ. ಚಾಂಗ್ ಒಪ್ಪಲಿಲ್ಲ. ಮನುಕುಲದ ದೊಡ್ಡ ಪಾಲಾದ ಚೀನಾದ ಜನಕ್ಕೆ ತಮ್ಮದೇ ಆದರ್ಶಗಳಿವೆ, ಅವನ್ನು ಅವರು ಘೋಷಣೆಯಲ್ಲಿ ಹೇರುತ್ತಿಲ್ಲ, ಬೇರೆಯವರೂ ಅಷ್ಟೇ ಸಂಯಮ ತೋರಬೇಕು ಎಂಬುದು ಅವರ ಮಾತಿನ ತಿರುಳು. ಬ್ರೆಜಿಲ್ ತಿದ್ದುಪಡಿಯನ್ನು ಹಿಂದಕ್ಕೆ ಪಡೆಯಿತು. ಅದರ ಜೊತೆಗೇ, ಮನುಷ್ಯರು ‘ನಿಸರ್ಗದಿಂದ’ ವಿವೇಕ ಮತ್ತು ಆತ್ಮಸಾಕ್ಷಿ ಪಡೆದಿದ್ದಾರೆ ಎಂಬ ಸಾಲಿನಲ್ಲಿದ್ದ ‘ನಿಸರ್ಗದಿಂದ’ ಎಂಬ ಪದವನ್ನೂ ತೆಗೆದುಹಾಕಲಾಯಿತು. ಕೊಟ್ಟವರ ಹೆಸರಿದ್ದ ಜಾಗ ಖಾಲಿಯಾಯಿತು, ಕೊಟ್ಟದ್ದು ಉಳಿಯಿತು. ಇದಕ್ಕೂ ಮುಂಚೆಯೇ ‘ಎಲ್ಲ ಪುರುಷರು’ ಎಂದೂ ಓದಬಹುದಾಗಿದ್ದ ಪದವನ್ನು ‘ಎಲ್ಲ ಮಾನವರು’ ಎಂದು ಬದಲಿಸಲು ಪಟ್ಟು ಹಿಡಿದವರು ಭಾರತದ ಹಂಸಾ ಮೆಹ್ತಾ. ಡಿಸೆಂಬರ್ 10ರಂದು 48 ದೇಶಗಳು ಪರವಾಗಿ ಮತ ಹಾಕಿದವು, ವಿರುದ್ಧ ಯಾವುದೂ ಇಲ್ಲ, 8 ದೇಶಗಳು ತಟಸ್ಥ. ಆ ಕಾಲದ ಚರ್ಚೆಗಳ ಬಗ್ಗೆ ಫ್ರಾನ್ಸಿನ ಕ್ಯಾಥೊಲಿಕ್ ತತ್ವಜ್ಞಾನಿ ಜಾಕ್ ಮಾರಿತೇನ್ ಒಂದು ಮಾತು ದಾಖಲಿಸಿದ್ದಾನೆ: ಹಕ್ಕುಗಳ ಪಟ್ಟಿಯನ್ನು ನಾವು ಒಪ್ಪುತ್ತೇವೆ, ಆದರೆ ಏಕೆ ಎಂದು ಯಾರೂ ಕೇಳಬಾರದು ಎಂಬ ಷರತ್ತಿನ ಮೇಲೆ.

ಮರುವರ್ಷ ದೆಹಲಿಯಲ್ಲಿ ಇದೇ ಪ್ರಶ್ನೆ. 1949ರ ಅಕ್ಟೋಬರ್ 17ರಂದು ಸಂವಿಧಾನ ಸಭೆಯಲ್ಲಿ ಎಚ್.ವಿ. ಕಾಮತ್ ಅವರು ಪ್ರಸ್ತಾವನೆಯನ್ನು ‘ದೇವರ ಹೆಸರಿನಲ್ಲಿ’ ಎಂದು ಆರಂಭಿಸಬೇಕು ಎಂದರು. ದೇವರನ್ನು ಮತಕ್ಕೆ ಹಾಕುವ ಇಕ್ಕಟ್ಟಿಗೆ ನಮ್ಮನ್ನು ತಳ್ಳಬೇಡಿ ಎಂದು ಪೂರ್ಣಿಮಾ ಬ್ಯಾನರ್ಜಿ ಬೇಡಿಕೊಂಡರು. ಇದು ನಂಬಿಕೆಯ ಸ್ವಾತಂತ್ರ್ಯಕ್ಕೆ ಹೊಂದುವುದಿಲ್ಲ ಎಂದು ಹೃದಯನಾಥ ಕುಂಜ್ರು ವಿರೋಧಿಸಿದರು. ಅವರಾರೂ ದೇವರನ್ನು ಹೀಗಳೆಯಲಿಲ್ಲ. ಮತಕ್ಕೆ ಹಾಕಿದಾಗ ಪರವಾಗಿ 41, ವಿರುದ್ಧವಾಗಿ 68. ಪ್ರಸ್ತಾವನೆ ‘ಭಾರತದ ಜನರಾದ ನಾವು’ ಎಂದೇ ಆರಂಭವಾಯಿತು. ಪ್ರಮಾಣವಚನದಲ್ಲಿ ಮಾತ್ರ ಎರಡೂ ದಾರಿ ತೆರೆದೇ ಉಳಿದವು. ನಮ್ಮ ತಾತ ನಡೆದದ್ದು ಅದರಲ್ಲಿ ಒಂದನ್ನು.

ಇದೆಲ್ಲ ದೂರದ ಮಾತು ಅನ್ನಿಸಿದರೆ ಮಾಲೂರು ತಾಲ್ಲೂಕಿನ ಕಡೆ ನೋಡಿ. 2022ರ ಸೆಪ್ಟೆಂಬರಿನಲ್ಲಿ ಅಲ್ಲಿನ ಒಂದು ಹಳ್ಳಿಯ ಉತ್ಸವದಲ್ಲಿ ದಲಿತ ಕುಟುಂಬದ ಹುಡುಗನೊಬ್ಬ ದೇವರಿಗೆ ಸೇರಿದ ಕೋಲನ್ನು ಮುಟ್ಟಿದ. ಮೈಲಿಗೆಯಾಯಿತು ಎಂದು ಊರಿನ ಮುಖಂಡರು 60,000 ರೂಪಾಯಿ ದಂಡ ಹಾಕಿದರು, ಕಟ್ಟದಿದ್ದರೆ ಊರು ಬಿಡಬೇಕು ಎಂದರು. ಹುಡುಗನ ತಾಯಿ ಮನೆಯ ಗೋಡೆಯ ಮೇಲಿದ್ದ ದೇವರ ಪಟಗಳನ್ನು ಇಳಿಸಿ ಅಂಬೇಡ್ಕರ್ ಪಟವನ್ನು ತೂಗುಹಾಕಿದರು. ಆ ತಾಯಿ ಗ್ರೋಷಿಯಸ್‌ನನ್ನು ಓದಿದವರಲ್ಲ. ಆದರೆ ತನ್ನ ಮಗನ ಮಾನ ಕೋಲನ್ನು ಹಿಡಿದವರ ಅಪ್ಪಣೆಯ ಮೇಲೆ ನಿಂತಿಲ್ಲ, ಅದು ಅದಕ್ಕೂ ಮುಂಚೆಯೇ ಇತ್ತು ಎಂದು ಅವರಿಗೆ ಖಚಿತವಾಗಿ ಗೊತ್ತಿತ್ತು. ಅಸ್ಪೃಶ್ಯತೆಯನ್ನು ನಿಷೇಧಿಸಿದ 17ನೆಯ ವಿಧಿ ಅವರ ಬೆನ್ನಿಗಿತ್ತು. ಆದರೆ ಆ ವಿಧಿ ಬರುವ ಮುಂಚೆಯೂ ಇಂಥ ದಂಡ ಅನ್ಯಾಯವೇ ಆಗಿತ್ತಲ್ಲ? ಹೌದು ಎನ್ನುವವರೆಲ್ಲರೂ, ಆ ಹೆಸರು ಬಳಸದಿದ್ದರೂ, ನೈಸರ್ಗಿಕ ಕಾನೂನಿನವರೇ.

ದೇವರನ್ನು ಬಾಗಿಲಿನಿಂದ ಮತ್ತು ಕಾವಲಿನಿಂದ ಬಿಡಿಸಬೇಕು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಒಬ್ಬರ ಹಕ್ಕು ಇನ್ನೊಬ್ಬ ಪೂಜಾರಿಯ, ಮೌಲ್ವಿಯ, ಪಾದ್ರಿಯ ಮಾತಿಗೆ ಕಾಯುವಂತಿದ್ದರೆ ಅದು ಹಕ್ಕೇ ಅಲ್ಲ, ಪ್ರಸಾದ. ಆದರೆ ತಳಪಾಯದ ವಿಷಯಕ್ಕೆ ಬಂದಾಗ ನನ್ನ ಖಚಿತತೆ ಸಡಿಲವಾಗುತ್ತದೆ. ಅದಕ್ಕೆ ಕಾರಣ ಚಿಂತಾಮಣಿಯಲ್ಲಿರುವ ನನ್ನ ದೊಡ್ಡಮ್ಮ.

ದೊಡ್ಡಮ್ಮನಿಗೆ ಮರೆವಿನ ಕಾಯಿಲೆ. ನಾನು ಹೋದರೆ ‘ಯಾರ ಮನೆ ಮಗು ನೀನು?’ ಎಂದು ಕೇಳುತ್ತಾರೆ. ಹಗಲು ರಾತ್ರಿಯ ವ್ಯತ್ಯಾಸ ಹೋಗಿದೆ, ಸೀರೆ ಜಾರಿದ್ದೂ ತಿಳಿಯುವುದಿಲ್ಲ. ಅವರಿಗೆ ಸ್ನಾನ ಮಾಡಿಸುವ ನನ್ನ ಅತ್ತಿಗೆ, ಮನೆಯಲ್ಲಿ ಇನ್ನಾರೂ ಇಲ್ಲದಿದ್ದರೂ, ಬಚ್ಚಲಿನ ಬಾಗಿಲು ಎಳೆದುಕೊಳ್ಳದೆ ಒಂದು ಚೊಂಬು ನೀರನ್ನೂ ಹಾಕುವುದಿಲ್ಲ. ‘ಅವರಿಗೆ ಗೊತ್ತಾಗುವುದಿಲ್ಲ ಅತ್ತಿಗೆ’ ಎಂದು ನಾನು ಒಮ್ಮೆ ಹೇಳಿದ್ದೆ. ‘ಅವರಿಗೆ ಗೊತ್ತಾಗದಿದ್ದರೆ ಏನಾಯಿತು?’ ಎಂದರು ಅತ್ತಿಗೆ.

ದೇವರಿಲ್ಲದ ತಳಪಾಯ ಹುಡುಕಿದ ಆಧುನಿಕ ಚಿಂತಕರಲ್ಲಿ ಹೆಚ್ಚಿನವರು ಹದಿನೆಂಟನೆಯ ಶತಮಾನದ ಜರ್ಮನ್ ತತ್ವಜ್ಞಾನಿ ಕ್ಯಾಂಟ್‌ನ ದಾರಿಯಲ್ಲಿ ಹೋಗಿ, ಮನುಷ್ಯನ ಘನತೆಯನ್ನು ಅವನ ವಿವೇಕದ ಮೇಲೆ, ತನ್ನ ಬಾಳನ್ನು ತಾನೇ ನಡೆಸಬಲ್ಲ ಶಕ್ತಿಯ ಮೇಲೆ ನಿಲ್ಲಿಸಿದರು. ಹಾಗಾದರೆ ಆ ಶಕ್ತಿ ಕಳೆದುಹೋದ ದೊಡ್ಡಮ್ಮನಿಗೆ ಏನು? ಆ ಶಕ್ತಿ ಇನ್ನೂ ಬಾರದ ಹಸುಗೂಸಿಗೆ ಏನು? ಅದು ಎಂದೂ ಬಾರದ ಮಗುವಿಗೆ ಏನು? ಅಮೆರಿಕದ ನಿಕೊಲಸ್ ವೊಲ್ಟರ್‌ಸ್ಟಾರ್ಫ್ 2008ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದೇ ಪ್ರಶ್ನೆಯನ್ನು ಎತ್ತಿದ. ಯಾವ ಸಾಮರ್ಥ್ಯವನ್ನು ಹೆಸರಿಸಿದರೂ ಅದಿಲ್ಲದ ಕೆಲವು ಮನುಷ್ಯರು ಉಳಿದೇ ಉಳಿಯುತ್ತಾರೆ, ಆದ್ದರಿಂದ ಎಲ್ಲರಿಗೂ ಸಮಾನ ಬೆಲೆ ಬರುವುದು ದೇವರು ಪ್ರತಿಯೊಬ್ಬರನ್ನೂ ಪ್ರೀತಿಸುತ್ತಾನೆ ಎಂಬುದರಿಂದ ಮಾತ್ರ ಎಂಬುದು ಅವನ ವಾದ. ಈ ವಾದದ ಮುಂದೆ ನಾನು ಬಹಳ ದಿನ ಕುಳಿತಿದ್ದೇನೆ. ಪ್ರೀತಿಯಿಂದ ಬೆಲೆ ಬರುತ್ತದೆ ಎಂಬುದು ನಿಜವೇ. ಆದರೆ ದೊಡ್ಡಮ್ಮನಿಗೆ ಆ ಬೆಲೆ ಇರುವುದನ್ನು ನಾನು ಕಂಡದ್ದು ಅತ್ತಿಗೆ ಬಾಗಿಲು ಎಳೆದುಕೊಂಡ ರೀತಿಯಲ್ಲಿ. ಅತ್ತಿಗೆ ಮಹಾ ದೈವಭಕ್ತೆ. ಅದನ್ನೂ ಇಲ್ಲಿ ಹೇಳದೆ ಬಿಟ್ಟರೆ ಅರ್ಧ ಸತ್ಯವಾಗುತ್ತದೆ.

ಆಕ್ಸ್‌ಫರ್ಡಿನ ಜಾನ್ ಫಿನ್ನಿಸ್ ಹಿಡಿದ ದಾರಿ ನನಗೆ ಹೆಚ್ಚು ಹತ್ತಿರ. 1980ರ ತನ್ನ ಗ್ರಂಥದಲ್ಲಿ ಅವನು ಜೀವ, ಜ್ಞಾನ, ಆಟ, ಸೌಂದರ್ಯ, ಸ್ನೇಹ, ವಿವೇಕದ ಬಾಳು, ಧರ್ಮ ಎಂಬ ಏಳು ಮೂಲ ಒಳಿತುಗಳಿಂದ ಹಕ್ಕುಗಳನ್ನು ಕಟ್ಟುತ್ತಾನೆ. ಅಲ್ಲಿ ‘ಧರ್ಮ’ ಎಂದರೆ ಎಲ್ಲದರ ಮೂಲ ಏನು ಎಂಬ ಪ್ರಶ್ನೆಯನ್ನು ಬಿಡದೆ ಕೇಳುವುದು, ನಾಸ್ತಿಕನೂ ಅದನ್ನು ಕೇಳಬಹುದು. ಇಡೀ ಕಟ್ಟಡ ದೇವರ ಹೆಸರಿಲ್ಲದೆ ಏಳುತ್ತದೆ. ಕೊನೆಯ ಅಧ್ಯಾಯದಲ್ಲಿ ಮಾತ್ರ, ಇವೆಲ್ಲ ಇರುವುದಾದರೂ ಏಕೆ ಎಂದು ಇನ್ನೂ ಕೆಳಗೆ ಅಗೆದಾಗ, ದೇವರು ಬರುತ್ತಾನೆ. ಅಗೆಯಲು ಮನಸ್ಸಿಲ್ಲದವರೂ ಮನೆಯಲ್ಲಿ ವಾಸ ಮಾಡಬಹುದು.

ನಮ್ಮ ಸುಪ್ರೀಂ ಕೋರ್ಟು ಈ ಕಟ್ಟಡದಲ್ಲಿ ವಾಸಿಸಲು ಕಲಿತದ್ದು ನೋವಿನಿಂದ. 1976ರ ಏಪ್ರಿಲ್ 28ರಂದು, ತುರ್ತು ಪರಿಸ್ಥಿತಿಯಲ್ಲಿ, ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು ಜೀವದ ಹಕ್ಕನ್ನು ಜಾರಿಗೊಳಿಸಲು ನ್ಯಾಯಾಲಯದ ಬಾಗಿಲು ತಟ್ಟುವಂತಿಲ್ಲ ಎಂದರು. ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಜೀವ ಮತ್ತು ಸ್ವಾತಂತ್ರ್ಯ ಸಂವಿಧಾನದ 21ನೆಯ ವಿಧಿಯ ದಾನವಲ್ಲ, ಆ ವಿಧಿ ಇಲ್ಲದಿದ್ದರೂ ಕಾನೂನಿನ ಆಧಾರವಿಲ್ಲದೆ ಯಾರ ಜೀವವನ್ನೂ ಸರ್ಕಾರ ತೆಗೆಯುವಂತಿಲ್ಲ ಎಂದು ಬರೆದರು. ಮುಂದೆ ಅವರ ಹಿರಿತನವನ್ನು ಮೀರಿ ಬೇರೆಯವರನ್ನು ಮುಖ್ಯ ನ್ಯಾಯಮೂರ್ತಿ ಮಾಡಲಾಯಿತು. 2017ರ ಆಗಸ್ಟ್ 24ರಂದು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ ಖಾಸಗಿತನದ ಪ್ರಕರಣದಲ್ಲಿ, ಹಳೆಯ ಬಹುಮತದ ತೀರ್ಪು ತಪ್ಪು ಎಂದು ನ್ಯಾಯಾಲಯ ಸಾರಿತು. ನೈಸರ್ಗಿಕ ಹಕ್ಕುಗಳನ್ನು ಪ್ರಭುತ್ವ ದಯಪಾಲಿಸುವುದಿಲ್ಲ, ಮನುಷ್ಯರಾದ ಕಾರಣಕ್ಕೇ ಅವು ಮನುಷ್ಯರಲ್ಲಿವೆ ಎಂದು ಡಿ.ವೈ. ಚಂದ್ರಚೂಡ್ ಬರೆದರು. 1976ರ ನಾಲ್ವರಲ್ಲಿ ಒಬ್ಬರು ಅವರ ತಂದೆ. ಅಷ್ಟು ಉದ್ದದ ತೀರ್ಪು ಆ ಹಕ್ಕುಗಳನ್ನು ನಿಲ್ಲಿಸಲು ದೇವರನ್ನು ಕರೆಯಲಿಲ್ಲ, ಬೇಡ ಎಂದೂ ಹೇಳಲಿಲ್ಲ.

ದಾರಿಯ ದಾವೆ ಇನ್ನೂ ಮುಗಿದಿಲ್ಲ. ಸ್ಥಳ ಅಳೆದು ವರದಿ ಕೊಡಲು ನ್ಯಾಯಾಲಯ ಕಮಿಷನರರನ್ನು ನೇಮಿಸಿದೆ, ಸರ್ವೇಯರ್ ಬರಬೇಕು. ಊರಾಚೆಯ ಬಂಡೆಯ ಮೇಲೆ ಬಂಡಿಯ ಗಾಲಿಗಳು ಉಜ್ಜಿ ಉಜ್ಜಿ ಬಿದ್ದ ಎರಡು ಗೆರೆಗಳಿವೆಯಂತೆ. ಅಳತೆಯ ದಿನ ತಾನೇ ಮುಂದೆ ನಡೆದು ಅವನ್ನು ತೋರಿಸುತ್ತೇನೆ, ದಿನ ಗೊತ್ತಾದ ಕೂಡಲೇ ಫೋನ್ ಮಾಡಿ ಎಂದು ತಾತ ಹೇಳಿ ಹೋಗಿದ್ದಾರೆ.